ಬಿಚ್ಚದ ಹೊಲಿಗೆಯ ದರ್ಜಿ

ಆ ದ್ವೀಪದಲ್ಲಿ ದರ್ಜಿಯನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವನು ‘ಡಬಲ್ ಹೊಲಿಗೆ’. ಬಟ್ಟೆ ಹರಿದು ಚಿಂದಿಯಾದರೂ ಅವನ ಹೊಲಿಗೆ ಮಾತ್ರ ಬಿಡುತ್ತಿರಲಿಲ್ಲ. ಈ ಮಾತನ್ನು ಗಿರಾಕಿಗಳು ಹೇಳಲಿ ಎಂದು ಕಾಯುವ ತಾಳ್ಮೆಯೂ ಅವನಿಗಿರಲಿಲ್ಲ, ತಾನೇ ಹೇಳಿಬಿಡುತ್ತಿದ್ದ.

ಬಿರುಗಾಳಿ ಎದ್ದಾಗಲೆಲ್ಲ ಸಮುದ್ರವು ದಡದಲ್ಲಿದ್ದ ಅವನ ಅಕ್ಕನ ಅಡುಗೆಮನೆಗೆ ನುಗ್ಗಿ ಪಾತ್ರೆ ತೊಳೆದು ಹೋಗುತ್ತಿತ್ತು. ವರ್ಷದಿಂದ ವರ್ಷಕ್ಕೆ ಅದರ ಸಲಿಗೆ ಹೆಚ್ಚಾದಾಗ ಇಡೀ ದ್ವೀಪವೇ ಒಟ್ಟಾಯಿತು. ಗುಡ್ಡದವರು ಇಳಿಜಾರಿನಲ್ಲಿ ಮರ ನೆಟ್ಟು ಮಣ್ಣು ಹಿಡಿದರು. ತೋಟದವರು ಮುಖ ಸಿಂಡರಿಸಿಕೊಂಡೇ ಹಳ್ಳದ ಅಡ್ಡಗಟ್ಟೆ ಒಡೆದು, ದಡದಲ್ಲಿ ನೆಡುವ ಸಸಿಗಳಿಗೆಂದು ಸಿಹಿನೀರನ್ನು ಕೆಳಗೆ ಬಿಟ್ಟರು. ಕೆಸರಲ್ಲಿ ಬೇರೂರಿ ಅಲೆಯನ್ನು ತಡೆಯುವ ಕಾಂಡ್ಲಾ ಸಸಿ ನೆಡುವುದು ದಡದವರ ಪಾಲಿಗೆ ಬಂತು. ಸಸಿ ಬೆಳೆಸಲು ಬಟ್ಟೆಯ ಚೀಲ ಬೇಕಿತ್ತು.

“ಚೀಲದ ಚಿಂತೆ ನನಗಿರಲಿ,” ಎಂದ ದರ್ಜಿ, ದ್ವೀಪವೇ ತನ್ನ ಸೂಜಿಯ ಮೊನೆಯ ಮೇಲೆ ನಿಂತಿದೆಯೆಂಬ ಗತ್ತಿನಲ್ಲಿ.

ನೆಡುವ ದಿನ ಬೆಳಿಗ್ಗೆ ಅಕ್ಕ ಒಂದು ಸಸಿಯನ್ನೆತ್ತಿ ನೋಡಿದಳು. ಎಲೆ ಹಳದಿ. ಬೇರು ಚೀಲದೊಳಗೇ ಸುತ್ತಿ ಉಂಡೆಯಾಗಿತ್ತು.

“ಏನೋ ಇದು? ಗಿಡಕ್ಕೆ ಪ್ಯಾಂಟ್ ಹೊಲಿದಿದ್ದೀಯಾ?”

“ಡಬಲ್ ಹೊಲಿಗೆ, ಅಕ್ಕಾ! ಜಪ್ಪಯ್ಯ ಅಂದ್ರೂ ಬಿಚ್ಚಲ್ಲ.”

“ಅದೇ ಕಣೋ ಗ್ರಹಚಾರ! ಬೇರು ಹೊರಗೆ ಬರೋದು ಹೇಗೆ? ಸಮುದ್ರ ಇಷ್ಟು ಕೆಳಗಿಳಿಯೋದು ವರ್ಷಕ್ಕೊಂದೇ ಸಲ. ಇವತ್ತು ತಪ್ಪಿದ್ರೆ ಬರೋ ವರ್ಷ ನೆಡೋಕೆ ನನ್ನ ಮನೆ ಇರುತ್ತೋ ಇಲ್ವೋ!”

ದರ್ಜಿ ಸಸಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಚೀಲ ಕತ್ತರಿಸಿದರೆ ಎಳೆ ಬೇರೂ ತುಂಡಾಗುತ್ತದೆ, ಹೊಲಿಗೆಯನ್ನೇ ಬಿಚ್ಚಬೇಕು. ಅವನು ಕಟ್ಟೆ ಹತ್ತಿ ಕೂಗಿದ: “ಬ್ಲೇಡು ಇರೋರೆಲ್ಲಾ ಬನ್ರಪ್ಪೋ! ನನ್ನ ಹೊಲಿಗೆ ಬಿಚ್ಚಿ!”

ಇಂಥ ಕರೆಗೆ ಯಾರು ತಡಮಾಡುತ್ತಾರೆ? ಗುಡ್ಡದವರು ಓಡಿಬಂದರು. ಹಳ್ಳದ ನೀರು ಬಿಡಲು ಮುನಿಸಿಕೊಂಡಿದ್ದ ತೋಟದ ಯಜಮಾನನೂ ಅಂಗಿಯ ತೋಳು ಮಡಚಿ, ಬ್ಲೇಡು ಹಿಡಿದು ಕೂತ.

“ಹೊಟ್ಟೆ ಬೆಳೀತು ಅಂತ ನೀನು ಹೊಲಿದ ಮದುವೆ ಕೋಟು ಸಡಿಲಿಸೋಕೆ ಹೋಗಿ ಸೋತಿದ್ದೆ ಕಣಯ್ಯಾ. ಇವತ್ತು ಬಡ್ಡಿ ಸಮೇತ ಸೇಡು!”

“ಜಗ್ಗಬೇಡಿ ಯಜಮಾನ್ರೇ, ಮೊದಲು ಗಂಟು ಕುಯ್ಯಿರಿ,” ಎಂದು ದರ್ಜಿ ಮಂಡಿಯೂರಿ, ಯಾರಿಗೂ ಹೇಳದ ಗುಟ್ಟನ್ನು ಊರಿಗೇ ಕಲಿಸಿದ. ಒಂದೊಂದು ಚೀಲ ಬಾಯ್ಬಿಟ್ಟಾಗಲೂ ಹೋ ಎಂಬ ಕೇಕೆ. ಬಿಚ್ಚಿದ ಸಸಿ ಕೈಯಿಂದ ಕೈಗೆ ದಾಟಿ ಕೆಸರಿಗಿಳಿಯಿತು.

ಕೊನೆಯ ಸಸಿ ನೆಡುವಾಗ ನೀರು ಮೊಣಕಾಲಿಗೆ ಬಂದಿತ್ತು. ದೊಡ್ಡ ಅಲೆಯೊಂದು ನುಗ್ಗಿತು. ಸಸಿಗಳು ತಲೆಬಾಗಿ, ಮುಳುಗಿ, ಮತ್ತೆ ಎದ್ದು ನಿಂತವು. ಅಲೆ ಬರೀ ದಾರದ ಎಳೆಗಳನ್ನು ಹೊತ್ತು ಹಿಂದಿರುಗಿತು.

ಅಕ್ಕ ತಮ್ಮನ ಹೆಗಲು ಹಿಡಿದು ಕುಣಿದಳು. ಅವನೂ ಕುಣಿದ. ಆದರೆ ಕಣ್ಣು ನೀರಿನ ಮೇಲೇ.

“ನೋಡಿದ್ಯಾ ಅಕ್ಕಾ? ಉಪ್ಪುನೀರಲ್ಲೂ ದಾರದ ಬಣ್ಣ ಬಿಟ್ಟಿಲ್ಲ!”