ರಿಬ್ಬನ್ ಕಟ್ಟಿದ ಸ್ಟೂಲು

ಶಾಲೆ ತೆರೆಯಲು ಇನ್ನು ನಾಲ್ಕೇ ದಿನ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಆರನೇ ಕ್ಲಾಸಿನ ಕೋಣೆ ಗುಡಿಸುತ್ತಿದ್ದೆ. ಬದನವಾಳು ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಸಣ್ಣ ಊರಿನ ಸರ್ಕಾರಿ ಶಾಲೆ ಅದು. ಐದರಲ್ಲಿ ನನ್ನ ಹತ್ತಿರ ಕಲಿತ ಮಕ್ಕಳೇ ಆ ವರ್ಷ ಆರಕ್ಕೂ ನನ್ನ ಪಾಲಿಗೆ ಬಂದಿದ್ದರು. ಬೇಸಿಗೆ ರಜಕ್ಕೆ ಮುಂಚೆ ಒಬ್ಬೊಬ್ಬರ ಕೈಗೂ ಒಂದೊಂದು ಕಥೆಪುಸ್ತಕ ಕೊಟ್ಟು, ಓದಿಕೊಂಡು ಬನ್ನಿ ಎಂದು ಕಳಿಸಿದ್ದೆ. ಮೊದಲ ದಿನ ಓದಿಸುವುದಕ್ಕೆಂದು ಒಂದು ಮರದ ಸ್ಟೂಲಿಗೆ ಹಸಿರು ಬಣ್ಣ ಬಳಿದು, ಕಾಲಿಗೆ ರಿಬ್ಬನ್ ಕಟ್ಟಿ, ಬೋರ್ಡಿನ ಪಕ್ಕ ಇಟ್ಟಿದ್ದೆ. ಅದರ ಮೇಲೆ ಮೊದಲು ಕೂರುವವಳು ಯಾರು ಎಂಬುದೂ ನನ್ನ ಮನಸ್ಸಿನಲ್ಲಿ ತೀರ್ಮಾನವಾಗಿತ್ತು.

ಅವಳ ತಾಯಿ ಬಾಗಿಲಲ್ಲಿ ಬಂದು ನಿಂತಳು.

"ಮೇಡಂ, ನನ್ ಮಗೀಗೆ ಟಿಸಿ ಕೊಟ್ಬುಡಿ. ನರಸೀಪುರದ ತಾವು ನಮ್ಮವ್ವನ ಮನೇಲವ್ಳೆ. ಅಲ್ಲೇ ರೇಸ್ಮೆ ಉಳ ಸಾಕದ ಕಲ್ತ್ಕತಾಳೆ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ತಲೆ ಕೆಟ್ಟಿದೆಯೇನಮ್ಮ ನಿನಗೆ? ಇಡೀ ಕ್ಲಾಸಿನಲ್ಲೇ ಚೆನ್ನಾಗಿ ಓದೋ ಹುಡುಗಿ ಅವಳು!" ಎಂದು ರೇಗಿದೆ.

ಅವಳು ದನಿ ಏರಿಸಲಿಲ್ಲ. "ರಜ ಸುರುವಾದಾಗ ಮದ್ವೆ ಕಾಗ್ದ ಬಂದಿತ್ತು. ಅವ್ಳ ಸ್ವಾದರಮಾವ ಓದು ಮಗ ಅಂತ ಕೊಟ್ಟ. ನೆಂಟ್ರೆಲ್ಲ ಕೂತವ್ರೆ. ಒಂದಕ್ಸರ ಬರ್ನಿಲ್ಲ. ಎಲ್ರೂ ನಗಾಡುದ್ರು. ಅವತ್ತಿಂದ ಇಸ್ಕೂಲ್ಗೆ ಓಗಕಿಲ್ಲ ಅಂತ ಕುಂತದೆ ಮಗ." ಸ್ವಲ್ಪ ತಡೆದು ಕೇಳಿದಳು: "ಅಂಗಾರೆ ಅವತ್ತು ಸಾಯೇಬ್ರು ಬಂದಾಗ ಎಲ್ರ ಮುಂದೆ ಓದಿದ್ದು ಯಾರು ಮೇಡಂ?"

ಉತ್ತರ ನನಗೆ ಗೊತ್ತಿತ್ತು, ಅದೇ ಸಂಕಟ. ಚಳಿಗಾಲದಲ್ಲಿ ಅಧಿಕಾರಿಗಳು ಶಾಲೆ ನೋಡಲು ಬಂದಾಗ ನಾನು ಅವಳನ್ನೇ ಎಬ್ಬಿಸಿದ್ದೆ. ಮೊಲ ಮತ್ತು ಬಾವಿಯ ಒಂದು ಕಥೆಯನ್ನು ಎಲ್ಲೂ ತಡೆಯದೆ, ಏರಿಳಿತ ಸಮೇತ ಓದಿದಳು. ಚಪ್ಪಾಳೆ ಬಿತ್ತು, ನನಗೂ ಶಹಬ್ಬಾಸ್ ಸಿಕ್ಕಿತು. ಆದರೆ ಅವಳ ಪಕ್ಕದಲ್ಲೇ ನಿಂತಿದ್ದವಳು ನಾನು. ಬಾಯಿ ಮುಂದಿನ ಪುಟದಲ್ಲಿತ್ತು, ಬೆರಳು ಇನ್ನೂ ಹಿಂದಿನ ಪುಟದಲ್ಲೇ ಇತ್ತು. ನಾನು ಕ್ಲಾಸಿನಲ್ಲಿ ಮೂರು ನಾಲ್ಕು ಸಲ ಓದಿ ಹೇಳಿದ್ದನ್ನು ಆ ಮಗು ಹಾಗೇ ಬಾಯಿಪಾಠ ಮಾಡಿಕೊಂಡಿತ್ತು. ಕಂಡೂ ಕಾಣದವಳ ಹಾಗೆ ಇದ್ದುಬಿಟ್ಟೆ. ನಾಚಿಕೆಗೇಡು! ಸಾಲದ್ದಕ್ಕೆ ರಜಕ್ಕೂ ಅದೇ ಪುಸ್ತಕವನ್ನೇ ಅವಳ ಕೈಗಿಟ್ಟಿದ್ದೆ, ಮೊದಲ ದಿನ ಇನ್ನೊಂದು ಚಪ್ಪಾಳೆ ಗಿಟ್ಟಲಿ ಎಂದು.

"ಶಾಲೆ ತೆರೆಯೋ ದಿನದವರೆಗೆ ತಾಳಮ್ಮ. ಅವಳು ಬರಲಿಲ್ಲ ಅಂದರೆ ನಾನೇ ಬರೆಸಿಕೊಡ್ತೀನಿ" ಎಂದು ಹೇಳಿ ಅವಳನ್ನು ಕಳಿಸಿದೆ. ಟಿಸಿ ತೆಗೆದುಕೊಂಡ ಮಗು ಇನ್ನೊಂದು ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎನ್ನುವುದು ನನಗೆ ಖಾತ್ರಿಯಿತ್ತು.

ಮಾರನೆಯ ಬೆಳಿಗ್ಗೆ ನಂಜನಗೂಡಿನಲ್ಲಿ ನರಸೀಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಬೈಯಲೇ, ರಮಿಸಲೇ? ಯಾವುದೂ ಸರಿಹೋಗಲಿಲ್ಲ. ನರಸೀಪುರದಲ್ಲಿ ಇಳಿದು ಆಟೋ ಹಿಡಿದು ಅಜ್ಜಿಯ ಊರು ತಲುಪಿದೆ.

ಅಜ್ಜಿ ಹಿತ್ತಲಿನ ಹುಳಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. "ಅಲ್ಲೇ ನಿಂತ್ಕಳಿ ಮೇಡಮ್ಮೋರೆ! ನಾಲ್ಕ್ನೇ ಜ್ವರ ಎದ್ದು ಐದ್ ದಿನಾಯ್ತು, ಇನ್ನೆರಡ್ ದಿನ್ದಲ್ಲಿ ಅಣ್ಣಾಯ್ತವೆ. ಒರಗ್ನೋರು ಒಳೀಕ್ ಬರಂಗಿಲ್ಲ. ಊವ ಬ್ಯಾರೆ ಮುಡ್ಕಬಂದಿದ್ದೀರಿ, ವಾಸ್ನೆ ಆಗಾಕಿಲ್ಲ ಅವ್ಕೆ." ಹುಳು ಪೊರೆ ಬಿಟ್ಟು ಏಳುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ, ಗೂಡು ಕಟ್ಟುವ ಹದಕ್ಕೆ ಬಂದರೆ ಹಣ್ಣಾಯಿತು ಎನ್ನುತ್ತಾರೆ. ಮುಡಿದಿದ್ದ ಮಲ್ಲಿಗೆ ಕಿತ್ತು ಬೇಲಿಯಾಚೆ ಎಸೆದೆ. ಅಜ್ಜಿ ಜಗ್ಗಲಿಲ್ಲ. ಕೊನೆಗೆ ಕಿಟಕಿಯ ಹೊರಗೆ ಒಂದು ಕಲ್ಲಿನ ಮೇಲೆ ಕೂತೆ. ನೊಣ ಹೋಗದಂತೆ ಕಿಟಕಿಗೆ ಬಲೆ ಹೊಡೆದಿದ್ದರು. ಒಳಗೆ ಕತ್ತಲು. ಹುಳುಗಳು ಸೊಪ್ಪು ಮೇಯುವ ಚರಚರ ಸದ್ದು ಮಾತ್ರ ಕೇಳುತ್ತಿತ್ತು.

"ಇದ್ದೀಯೇನೇ?"

"ಊಂ ಮಿಸ್."

"ಆಚೆ ಬಾ."

"ಸೊಪ್ಪಾಕ್ಬೇಕು ಮಿಸ್. ಬರಕಿಲ್ಲ."

ಏನು ಕೇಳಬೇಕೋ ತೋಚದೆ, "ಪುಸ್ತಕ ಓದಿದೆಯಾ?" ಎಂದುಬಿಟ್ಟೆ.

ಒಳಗಿನಿಂದ ಕಥೆ ಶುರುವಾಯಿತು. ಅದೇ ಮೊಲ, ಅದೇ ಬಾವಿ, ಅದೇ ಏರಿಳಿತ. ನನ್ನದೇ ಏರಿಳಿತ! ಎಲ್ಲೂ ತಡೆಯಿಲ್ಲ. "ಸಾಕು, ನಿಲ್ಲಿಸು!" ಎಂದು ಕೂಗಿದೆ. "ಅದು ಓದಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು."

ಕೆಲಸ ಕೆಟ್ಟಿತು, ಇನ್ನು ಇವಳು ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ. ನಾಲಿಗೆ ಕಚ್ಚಿಕೊಂಡು ಕೂತೆ. ಒಳಗೆ ಕಾಗದ ಎಳೆದ ಸದ್ದಾಯಿತು. ಹುಳು ಸಾಕುವ ತಟ್ಟೆಗಳಿಗೆ ಹಾಸಲು ಅಜ್ಜಿ ಹಳೇ ಪೇಪರ್ ಗುಡ್ಡೆ ಹಾಕಿದ್ದಳು.

"ಮಾ... ರು... ಕ..."

ನಿಂತಿತು.

"...ಟ್ಟೆ. ಮಾರುಕಟ್ಟೆ. ಯ... ಲ್ಲಿ. ಟೊ... ಮೆ..."

ಅಜ್ಜಿ ಮೂಗು ಮುರಿದಳು. "ಅದ್ಯಾಕಂಗ್ ಉಗ್ಗಾಡೀಯೆ ಮಗ? ಆಗ್ಲೇ ಎಷ್ಟ್ ಚೆಂದಾಗ್ ಏಳ್ತಿದ್ದೆ!"

"ಶ್! ಸುಮ್ಮನಿರಜ್ಜಿ!" ಎಂದು ಗದರಿದೆ. ಬಲೆಗೆ ಕಿವಿ ಒತ್ತಿ ಕೂತಿದ್ದೆ. ಒಂದೇ ಒಂದು ಸಾಲು ಮುಗಿಯುವ ಹೊತ್ತಿಗೆ ನನ್ನ ಬೆನ್ನೆಲ್ಲ ಬೆವೆತಿತ್ತು. ಮಧ್ಯೆ ಎರಡು ತಪ್ಪು. ತಿದ್ದಲಿಲ್ಲ. ಆ ತಪ್ಪುಗಳು ಕೇಳಿ ನನಗೆ ಆದ ಸಂತೋಷ ಹೇಳತೀರದು.

"ಯಾರೇ ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ ಮಿಸ್. ಮದ್ವೆ ಕಾಗ್ದ ಬಂದ್ ಮ್ಯಾಕೆ ಆ ಪುಸ್ತಕ ತಕ್ಕಂಡು ಕೂತ್ಕಂಡೆ. ಕತೆ ಬಾಯಲ್ಲಿತ್ತಲ್ಲ. ಒಂದೊಂದ್ ಮಾತ್ಗೂ ಬೆರ್ಳಿಟ್ಟು, ಇದು ಮೊಲ, ಇದು ಬಾವಿ ಅಂತ ನೋಡ್ಕಂಡು ಬಂದೆ. ಆಮ್ಯಾಕೆ ಈ ಪೇಪರ್ನಾಗೆ ಅವೇ ಅಕ್ಸರ ಉಡುಕ್ದೆ." ದನಿ ತಗ್ಗಿತು. "ಬ್ಯಾಗ ಬರಕಿಲ್ಲ ಮಿಸ್. ಈಗ್ಲೂ ನಗ್ತಾರೆ."

ಒಂದು ವರ್ಷ ನಾನು ಮಾಡದ ಕೆಲಸವನ್ನು ಅವಳು ಒಬ್ಬಳೇ ಹುಳುಗಳ ಮಧ್ಯೆ ಕೂತು ಮಾಡಿಕೊಂಡಿದ್ದಳು. "ತಪ್ಪು ನಂದು ಕಣೇ. ನೀನು ಶಾಲೆಗೆ ಬಾ" ಎಂದೆ.

ನಾನು ಎದ್ದು ಸೀರೆ ಕೊಡವಿಕೊಂಡ ಮೇಲೆ ಬಲೆಯ ಹತ್ತಿರ ಅವಳ ಮುಖ ಬಂತು.

"ಎಲ್ರ ಮುಂದೆ ಓದುಸ್ತೀರಾ ಮಿಸ್?"

ಹಸಿರು ಬಣ್ಣ, ರಿಬ್ಬನ್ನು ಎಲ್ಲ ಕಣ್ಮುಂದೆ ಬಂದು ಕೆನ್ನೆ ಬಿಸಿಯಾಯಿತು. "ಇಲ್ಲ" ಎಂದೆ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಶಾಲೆ ತೆರೆದ ದಿನ ಪ್ರಾರ್ಥನೆ ಮುಗಿಯಿತು. ಅವಳಿಲ್ಲ. ಹಾಜರಿ ಕೂಗುತ್ತಾ ಅವಳ ಹೆಸರಿಗೆ ಬಂದೆ. ಕೂಗಿದೆ. ಕಿಟಕಿ ಕಡೆ ನೋಡಿ ಇನ್ನೊಂದು ಸಲ ಕೂಗಿದೆ. ಪೆನ್ನು ಅವಳ ಹೆಸರಿನ ಮುಂದೆ ಹಾಗೇ ನಿಂತಿತ್ತು, ಗೈರು ಎಂದು ಬರೆಯಲು ಕೈ ಬರಲಿಲ್ಲ. ಆಗ ತಾಯಿಯ ಹಿಂದೆ ಅವಳು ಬಾಗಿಲಿಗೆ ಬಂದಳು. ಒಳಗೆ ಕಾಲಿಡದೆ, ಎಲ್ಲರ ಮುಂದೆ ನಿಲ್ಲಿಸಿ ಓದಿಸುವ ಬೋರ್ಡಿನ ಪಕ್ಕ ಕಣ್ಣು ಹಾಯಿಸಿದಳು. ಅಲ್ಲಿ ಏನೂ ಇರಲಿಲ್ಲ. ಸೀದಾ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು.

ರಿಬ್ಬನ್ ಬಿಚ್ಚಿದ ಸ್ಟೂಲು ಆ ಬೆಂಚಿನ ಪಕ್ಕದಲ್ಲೇ ಇತ್ತು. ಉಳಿದವರಿಗೆ ಬರೆಯಲು ಕೊಟ್ಟು, ನಾನು ಹೋಗಿ ಅದರ ಮೇಲೆ ಕೂತೆ. ಅವಳು ಹೊಸ ಪುಸ್ತಕ ತೆರೆದು ಬೆರಳಿಟ್ಟು ಪಿಸುಗುಟ್ಟಿದಳು. ಒಂದು ಅಕ್ಷರ, ಒಂದು ತಡೆ, ಇನ್ನೊಂದು ಅಕ್ಷರ. ಹೇಳಿಕೊಟ್ಟುಬಿಡುತ್ತೇನೇನೋ ಎಂದು ತುಟಿ ಬಿಗಿಹಿಡಿದುಕೊಂಡೆ.

ಮುಂದಿನ ಬೆಂಚಿನಿಂದ ಒಬ್ಬಳು ತಿರುಗಿದಳು. "ಮಿಸ್, ಅವ್ಳ್ಗೆ ಜೋರಾಗಿ ಓದು ಅಂತ ಏಳಿ. ನಮ್ಗೆ ಕೇಳ್ಸಾಕಿಲ್ಲ."

"ಅವಳು ಓದ್ತಿರೋದು ನಿನಗಲ್ಲ ಕಣೇ" ಎಂದೆ. "ತಿರುಗಿಕೊಂಡು ನಿನ್ನದು ಬರಿ."

ಪಕ್ಕದಲ್ಲಿ ಬೆರಳು ಮುಂದಿನ ಪದಕ್ಕೆ ಸರಿಯಿತು. ಬಾಯಿ ಇನ್ನೂ ಅಲ್ಲಿಗೆ ಬಂದಿರಲಿಲ್ಲ.