ಎರಡನೇ ಅರ್ಧಕ್ಕೆ ಹತ್ತೇ ಜನ

ಮಸ್ಕತ್ತಿನಲ್ಲಿ ನಾಲ್ಕು ಜನ ಮಂಗಳೂರಿನವರು ಸೇರಿದರೆ ಒಂದು ಸಂಘ, ಐದನೆಯವನು ಬಂದರೆ ಅದಕ್ಕೊಬ್ಬ ಕಾರ್ಯದರ್ಶಿ. ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘ ಹುಟ್ಟಿದ್ದೂ ಹೀಗೆಯೇ. ವರ್ಷಕ್ಕೊಮ್ಮೆ ಸೆಕೆ ಇಳಿದ ಮೇಲೆ ಬಾಡಿಗೆಯ ಟರ್ಫ್ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತೇವೆ. ಆಡುವುದೆಂದರೆ ಹೊಟ್ಟೆ ಹೊತ್ತುಕೊಂಡು ಓಡುವುದು, ಮಾರನೆಯ ದಿನ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದು. ಕಳೆದ ಸಲ ಕಾರ್ಯದರ್ಶಿಗೆ ಒಂದು ಹೊಸ ಯೋಚನೆ ಹೊಳೆಯಿತು. ನೂರು ವರ್ಷಕ್ಕೂ ಹಿಂದೆ ನಮ್ಮ ಕಾಲೇಜಿನ ತಂಡ ಬರಿಗಾಲಲ್ಲಿ ಆಡಿದ ಒಂದು ಸೀಸನ್ನನ್ನು ನೆನಪಿಸಿಕೊಳ್ಳೋಣ ಎಂದರು. ಆ ತಂಡದಲ್ಲಿ ನನ್ನ ಮುತ್ತಜ್ಜ ಇದ್ದ. ಅದನ್ನು ಅವರ ಕಿವಿಗೆ ಹಾಕಿದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ.

"ಹತ್ತು ನಿಮಿಷ ನೀವೇ ಮಾತಾಡಬೇಕು ಮಾರಾಯ್ರೆ, ಊಟಕ್ಕೆ ಮೊದಲು," ಎಂದರು ಕಾರ್ಯದರ್ಶಿ. ಒಂದು ಸಲ ಬೇಡವೆಂದೆ. ಎರಡನೆಯ ಸಲ ಅವರು ಕೇಳದೆ ಬಿಟ್ಟಾರೆಂಬ ಹೆದರಿಕೆಯಿಂದ ಕೂಡಲೇ ಒಪ್ಪಿಕೊಂಡೆ.

ನಮ್ಮ ಮನೆಯಲ್ಲಿ ದೇವರ ಪಟಗಳ ಸಾಲು ಮುಗಿದಲ್ಲಿ ಆ ತಂಡದ ಫೋಟೋ ಶುರುವಾಗುತ್ತದೆ. ಕಚ್ಚೆ ಬಿಗಿದ ಹನ್ನೊಂದು ಹುಡುಗರು, ಮುಂದೆ ಲೇಸು ಕಟ್ಟಿದ ಚೆಂಡು, ನಡುವೆ ನಿಲುವಂಗಿಯ ಪಾದ್ರಿ. ಅದನ್ನು ದೊಡ್ಡ ಫ್ಲೆಕ್ಸ್ ಮಾಡಿಸಿ ಟರ್ಫಿನ ಬಲೆಗೆ ಕಟ್ಟಿದ್ದರು. ನಾನು ಮೈಕು ಹಿಡಿದು ಮನೆಯಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದನ್ನು ಹೇಳಿದೆ.

ನವರಾತ್ರಿ ಮುಗಿದು ಗದ್ದೆ ಒಣಗಿದ ಮೇಲೆ ಪಂದ್ಯಗಳು ಶುರುವಾಗುತ್ತಿದ್ದವಂತೆ. ಮೊದಲು ಹೈಸ್ಕೂಲಿನ ಹುಡುಗರನ್ನು ಸೋಲಿಸಿದರು. ಆಮೇಲೆ ಹಂಚಿನ ಕಾರ್ಖಾನೆಯವರನ್ನು. ಹೊಳೆಯಾಚೆಯ ಊರಿಗೆ ದೋಣಿಯಲ್ಲಿ ಹೋಗಿ ಗೆದ್ದು ಬರುವಾಗ ಚೆಂಡು ನೀರಿಗೆ ಬಿತ್ತು, ಗೋಲ್‌ಕೀಪರ್ ಹಾರಿ ತಂದ. ಅವನು ಕಡಲ ಕರೆಯ, ಅಂದರೆ ಸಮುದ್ರದ ದಡದ, ಮೀನುಗಾರರ ಮನೆಯವನು, ಪಾದ್ರಿಗಳು ಫೀಸು ಬಿಟ್ಟು ಓದಿಸುತ್ತಿದ್ದ ಹುಡುಗ. ಕೊನೆಗೆ ಬ್ರಿಟಿಷ್ ದೊರೆಗಳ ಕ್ಲಬ್ಬಿನ ತಂಡದ ಜತೆ ಕಪ್ಪಿಗಾಗಿ ಫೈನಲ್. ಅವರದು ಬೂಟು, ಇವರದು ಬರಿಗಾಲು. ಅರ್ಧ ಆಟಕ್ಕೆ ಒಂದಕ್ಕೊಂದು ಸಮ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ಸರಿಯಾಗಿ ಕುಳಿತುಕೊಳ್ಳುತ್ತಾರೆ. ಏಕೆಂದರೆ ಮುಂದಿನದೇ ಕತೆ. ಮುತ್ತಜ್ಜ ಹೊರಗಿನ ನೀರು ಮುಟ್ಟುವವನಲ್ಲ. ಅವನಮ್ಮ ಒಂದು ತಾಮ್ರದ ತಂಬಿಗೆಯಲ್ಲಿ ಮಜ್ಜಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಆಳಿನ ಕೈಯಲ್ಲಿ ಕಳಿಸುತ್ತಿದ್ದಳು. ಅದು ಮೈದಾನದ ಬದಿಯ ಗೋಳಿಮರದ ಕೊಂಬೆಯಲ್ಲಿ ತೂಗುತ್ತಿತ್ತು. ಅವತ್ತು ಗೋಲ್‌ಕೀಪರ್‌ನ ಎದೆಗೆ ಬೂಟಿನ ಒದೆ ಬಿದ್ದಿತ್ತು. ಇಂಟರ್‌ವಲ್ಲಿನಲ್ಲಿ ಅವನು ಮರದ ಕೆಳಗೆ ಬಂದು ಬಟ್ಟೆ ಬಿಚ್ಚಿ ಗಟಗಟ ಕುಡಿದುಬಿಟ್ಟ. ಮುತ್ತಜ್ಜ ಮೈದಾನ ಬಿಟ್ಟು ಮನೆಗೆ ಹೋದ, ಬಾವಿಕಟ್ಟೆಯಲ್ಲಿ ಸ್ನಾನ ಮಾಡಿದ, ವಾಪಸು ಬರಲಿಲ್ಲ. ಉಳಿದ ಹತ್ತು ಜನ ಆಡಿ ಒಂದು ಗೋಲಿನಿಂದ ಸೋತರು. ಅವನಮ್ಮ ತಂಬಿಗೆಯನ್ನು ಹುಣಸೆಹುಳಿಯಲ್ಲಿ ತಿಕ್ಕಿ ಬೆಂಕಿಯಲ್ಲಿ ಕಾಯಿಸಿ ಶುದ್ಧ ಮಾಡಿದಳು. "ಕಪ್ಪು ಹೋದರೆ ಹೋಗಲಿ, ತಂಬಿಗೆ ಹೊಳೆಯಿತಲ್ಲ!" ಎಂದು ನಮ್ಮಜ್ಜಿ ಕತೆ ಮುಗಿಸುತ್ತಿದ್ದಳು, ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಮೈಕಿನಲ್ಲಿ ನಾನು ಇದನ್ನು ಬರೇ ಹೇಳಲಿಲ್ಲ. ಅಭಿನಯಿಸಿದೆ. ಮುತ್ತಜ್ಜನ ಅಮ್ಮನ ಹಾಗೆ "ಅಯ್ಯೋ ನನ್ನ ತಂಬಿಗೆ!" ಎಂದು ಕೂಗಿದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಜನ ನಕ್ಕರು, ನನಗೆ ಕೋಡು ಮೂಡಿತು. ಗೋಲ್‌ಕೀಪರ್ ಮಜ್ಜಿಗೆ ಕುಡಿಯುವುದನ್ನು ಮಾಡಿ ತೋರಿಸಿದೆ. ಗಲ್ಲದ ಮೇಲೆ ಸುರಿಸಿಕೊಂಡು, ಅಂಗೈಯಿಂದ ಒರೆಸಿಕೊಂಡು, "ಧಣಿ, ಬಾಯಾರಿತ್ತು ಧಣಿ" ಎಂದು ಕಡಲ ಕರೆಯವರ ರಾಗದಲ್ಲಿ ಎಳೆದೆ. ಸಾಲದೆಂಬಂತೆ, ಆಗಷ್ಟೇ ಆಟ ಮುಗಿಸಿ ಗ್ಲೌಸಿನಲ್ಲೇ ನಿಂತಿದ್ದ ನಮ್ಮ ತಂಡದ ಗೋಲ್‌ಕೀಪರ್ ಕಡೆ ಕೈತೋರಿಸಿ, "ಇಗೋ, ನಮ್ಮವನ ಹಾಗೇ!" ಎಂದೆ. ಎಲ್ಲರೂ ಆ ಕಡೆ ತಿರುಗಿದರು. ಅವನೂ ನಕ್ಕ. ಪಕ್ಕದಲ್ಲಿ ಅವನ ಹೆಂಡತಿ, ಎಂಟನೇ ಕ್ಲಾಸಿನ ಮಗಳು ಕುಳಿತಿದ್ದರು.

ಅವನು ನನ್ನ ಆಫೀಸಿನವನೇ. ಆಫೀಸು ಮಸ್ಕತ್ತಿನ ಅಲ್ ಖುವೈರ್‌ನಲ್ಲಿ, ಇಬ್ಬರಿಗೂ ಅಲ್ಲೇ ಮನೆ. ದೂರದ ಸುವೈಕ್‌ನಲ್ಲಿ ಕಟ್ಟಡ ಏಳುತ್ತಿರುವ ಸೈಟಿಗೆ ಒಂದೇ ಕಾರಿನಲ್ಲಿ ಹೋಗುತ್ತೇವೆ. ಮಧ್ಯಾಹ್ನ ಅವನ ಡಬ್ಬಿ ನಾನು, ನನ್ನ ಡಬ್ಬಿ ಅವನು ಬಿಚ್ಚುವುದು ಎಷ್ಟೋ ವರ್ಷಗಳ ರೂಢಿ. ಅವನ ಮನೆಯ ಬಂಗುಡೆ ಸಾರಿನ ರುಚಿ ಹತ್ತಿದ ಮೇಲೆ ಊರಿಗೆ ಹೋದಾಗ ಅಮ್ಮನ ಎದುರು ಸುಳ್ಳು ಹೇಳುವುದೂ ರೂಢಿಯಾಗಿದೆ. ಅವನ ಮನೆಯವರು ಕಡಲ ಕರೆಯವರೇ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದು ನಮ್ಮಿಬ್ಬರ ನಡುವೆ ಯಾವತ್ತೂ ಬಂದಿಲ್ಲ, ಹಾಗಾಗಿ ಇಲ್ಲವೇ ಇಲ್ಲ ಎಂದುಕೊಂಡಿದ್ದೆ. ಅವನು ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಆದರೂ ಅವನು ನನಗೆ ನೀವು ಅನ್ನುತ್ತಾನೆ, ನಾನು ಅವನಿಗೆ ನೀನು. ಇದೂ ಈಗ ಬರೆಯುವಾಗ ಕಣ್ಣಿಗೆ ಬೀಳುತ್ತಿದೆ.

ಶುಕ್ರವಾರ, ಶನಿವಾರದ ರಜೆ ಮುಗಿದು ಭಾನುವಾರ ಸೈಟಿಗೆ ಹೋಗುವಾಗ ನಾನೇ ಮೊನ್ನೆಯ ಕಾರ್ಯಕ್ರಮವನ್ನು ಹೊಗಳಿದೆ, ಅಂದರೆ ನನ್ನನ್ನು. ಅರ್ಧ ದಾರಿಯ ಬರ್ಕಾ ದಾಟಿದರೂ ಅವನಿಂದ ಹೂಂ ಹಾಂ ಬಿಟ್ಟು ಬೇರೆ ಮಾತಿಲ್ಲ. ಮಧ್ಯಾಹ್ನ ಊಟಕ್ಕೆ ಕಾರಿನಲ್ಲಿ ಕುಳಿತಾಗ ಡಬ್ಬಿ ತಂದಿಲ್ಲ ಎಂದ. ಆಗ ಎಲ್ಲೋ ಎಡವಟ್ಟಾಗಿದೆ ಅನ್ನಿಸಿತು.

"ನಾನು ಹೇಳಿದ್ದಕ್ಕೆ ಬೇಜಾರಾಯ್ತಾ? ತಮಾಷೆಗೆ ಹೇಳಿದ್ದು ಮಾರಾಯ. ನಾನು ನಗಾಡಿದ್ದು ನಮ್ಮ ಮನೆಯವರ ಮಡಿಯನ್ನು."

"ನಿಮ್ಮ ಮೇಲೆ ಎಂಥ ಬೇಜಾರು? ಇಂಥದ್ದು ಸುಮಾರು ಕೇಳಿದ್ದೇನೆ," ಎಂದ. "ನಾನು ನಕ್ಕೆನಲ್ಲ, ಅದನ್ನು ಮಗಳು ನೋಡಿದ್ಲು. ಮನೆಗೆ ಹೋದ ಮೇಲೆ ಕೇಳಿದ್ಲು, ಪಪ್ಪಾ, ಅವರು ಮಾಡಿ ತೋರಿಸಿದ್ದು ನಮ್ಮ ಅಜ್ಜನ ಹಾಗೆ ಇತ್ತಲ್ಲ, ನೀನ್ಯಾಕೆ ನಕ್ಕಿದ್ದು ಅಂತ. ನಾನು ಹೋಗಿ ಮಲಗು ಅಂದೆ. ಮೊನ್ನೆಯಿಂದ ಅವಳು ನನ್ನ ಹತ್ರ ಮಾತಾಡುದಿಲ್ಲ."

ಅವನು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಸೈಟಿನ ಧೂಳಿನ ಕಡೆ ನೋಡಿಕೊಂಡು ಇಷ್ಟು ಹೇಳಿ ಹೆಲ್ಮೆಟ್ ಹಾಕಿಕೊಂಡು ಇಳಿದುಹೋದ. ನಾನು ಕಾರಿನಲ್ಲೇ ಉಳಿದೆ. ಮನೆಯವರ ಮಡಿಯನ್ನು ನಗಾಡಿದೆ ಎಂದೆನಲ್ಲ, ಅದು ಹಸಿ ಸುಳ್ಳು. ಆ ಕತೆಯಲ್ಲಿ ಮುತ್ತಜ್ಜನಿಗೆ ಹೆಸರಿದೆ, ಅವನ ಜುಟ್ಟಿಗೂ ವರ್ಣನೆಯಿದೆ. ಎದೆಗೆ ಒದೆ ತಿಂದು ಗೋಲು ತಡೆದವನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ. ತಂಡ ಸೋತಿದ್ದು ಮುತ್ತಜ್ಜ ಬಿಟ್ಟು ಹೋದ ಕಾರಣಕ್ಕೆ ಎಂಬುದು ಅಷ್ಟು ವರ್ಷ ನಕ್ಕವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಓದಿದವನು, ಪರದೇಶ ಕಂಡವನು ಎಂದು ಬೀಗುವ ನನಗೂ ಹೊಳೆದಿರಲಿಲ್ಲ. ನನ್ನ ಮುಖಕ್ಕಿಷ್ಟು.

ಗುರುವಾರ ಸಂಜೆ ಅವನ ಮನೆಗೆ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಒಂದು ದೊಡ್ಡ ಡಬ್ಬಿ ಒಮಾನಿ ಹಲ್ವಾ ತೆಗೆದುಕೊಂಡಿದ್ದೆ, ನಿಶ್ಚಿತಾರ್ಥಕ್ಕೆ ಹೋಗುವವನ ಹಾಗೆ. ಅವನ ಹೆಂಡತಿ ಚಾ ತಂದಿಟ್ಟರು, ಹಲ್ವಾದ ಡಬ್ಬಿಯನ್ನು ಬಿಚ್ಚಲಿಲ್ಲ. ಮಗಳನ್ನು ಕರೆಯಿರಿ ಎಂದೆ. ಅವಳು ಬಂದು ಬಾಗಿಲಿಗೆ ಒರಗಿ ನಿಂತಳು.

ಕಾರಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. "ಅವತ್ತು ನಾನು ಮಾಡಿದ್ದು ತಪ್ಪು. ನಿನ್ನ ಪಪ್ಪನ ಕಡೆ ಕೈತೋರಿಸಿದ್ದು ಇನ್ನೂ ದೊಡ್ಡ ತಪ್ಪು. ಅವನು ನಕ್ಕಿದ್ದು ನನ್ನ ಮರ್ಯಾದೆ ಹೋಗಬಾರದೆಂದು. ಸಾರಿ ಮಗಾ," ಎಂದೆ.

ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ಅವತ್ತು ಕನ್ನಡದಲ್ಲೇ ಹೇಳಿದಳು, ನನಗೆ ಒಂದಕ್ಷರವೂ ತಪ್ಪದ ಹಾಗೆ.

"ಅಂಕಲ್, ಅದನ್ನು ನೀವು ಮೈಕಿನಲ್ಲಿ ಹೇಳಿದ್ದು. ಸಾರಿ ಮಾತ್ರ ಯಾಕೆ ಮನೆಗೆ ಬಂದು ಹೇಳ್ತೀರಿ?"

"ಏ, ದೊಡ್ಡವರ ಹತ್ರ ಹಾಗೆ ಮಾತಾಡ್ಬಾರ್ದು," ಎಂದು ಅವನು ಗದರಿಸಿದ. ನನ್ನ ಎದುರು ನನ್ನ ಪರವಾಗಿ ಮಗಳ ಕಣ್ಣಿಗೆ ಮತ್ತೊಂದು ಸಲ ಅವನೇ ಕೆಟ್ಟವನಾಗುವುದನ್ನು ನೋಡಿದೆ. ಅವಳು ಕೇಳಿದ್ದು ಸರಿ ಎಂದು ಹೇಳದೆಯೇ ಚಾ ಕುಡಿದು ಎದ್ದೆ.

ಎರಡು ದಿನ ಅದನ್ನೇ ತಲೆಯಲ್ಲಿ ತಿರುಗಿಸಿದೆ. ಇನ್ನೂರು ಜನರ ಎದುರು ತಲೆ ತಗ್ಗಿಸುವುದೆಂದರೆ ಸುಲಭವಲ್ಲ, ಮರೆತುಹೋಗಲಿ ಎಂದು ಸುಮ್ಮನಿರುವುದೇ ನನಗೆ ಒಗ್ಗುವ ದಾರಿ. ನನ್ನ ಹೆಂಡತಿಯೂ ಅದನ್ನೇ ಹೇಳಿದಳು. ಕೊನೆಗೆ ಕಾರ್ಯದರ್ಶಿಗೆ ಫೋನು ಮಾಡಿ, ಸಂಘದ ವಾರ್ಷಿಕೋತ್ಸವದಲ್ಲಿ ನನಗೆ ಐದು ನಿಮಿಷ ಬೇಕು ಎಂದೆ.

"ಅದೇ ಮಜ್ಜಿಗೆ ಕತೆಯಾ? ಖಂಡಿತ ಹೇಳಿ! ಅವತ್ತು ಬಾರದವರೆಲ್ಲ ಕೇಳ್ತಾ ಇದ್ದಾರೆ."

"ಅದೇ ಕತೆ. ಆದ್ರೆ ಈ ಸಲ ನಗಲಿಕ್ಕೆ ಎಂಥದೂ ಇಲ್ಲ. ನಾನು ತಪ್ಪು ಒಪ್ಪಿಕೊಳ್ಳಲಿಕ್ಕುಂಟು."

"ಹಾಗಾದ್ರೆ ಊಟ ಆದ ಮೇಲೆ ಇಡುವ ಮಾರಾಯ್ರೆ. ಆಗ ಅರ್ಧ ಜನ ಹೋಗಿರ್ತಾರೆ, ನಿಮಗೂ ಸುಲಭ."

ಸುಲಭ ಎಂಬುದು ನಿಜ. ಹೂಂ ಎಂಬ ಮಾತು ನಾಲಿಗೆ ತುದಿವರೆಗೆ ಬಂತು ಎಂದು ಹೇಳಲೂ ನನಗೆ ನಾಚಿಕೆಯಾಗುತ್ತದೆ.

"ಬೇಡ," ಎಂದೆ. "ಊಟಕ್ಕೆ ಮೊದಲೇ ಕೊಡಿ."