ಬಕೆಟ್ ಕೊಟ್ಟು ಮಹಡಿ ಹತ್ತಿಸುವ ಅಕ್ಕ

ಬೀದಿದೀಪ ಇನ್ನೂ ಆರಿಲ್ಲ. ಜೆರಾಕ್ಸ್ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲನ್ನು ಗುಡಿಸುತ್ತ ಹೆಂಗಸೊಬ್ಬರು ಕೆಳಗಿಳಿಯುತ್ತಿದ್ದಾರೆ. ಎದುರಿನ ಫುಟ್‌ಪಾತಿನಲ್ಲಿ ಇಸ್ತ್ರಿ ಅಂಗಿಯ ಗಂಡಸೊಬ್ಬ ನಿಂತು ಮೇಲಿನ ದಂತವೈದ್ಯರ ಬೋರ್ಡು ಓದುತ್ತಿದ್ದಾನೆ. ಬೋರ್ಡಿನಲ್ಲಿರುವುದು ಮೂರೇ ಸಾಲು. ಓದಿದ್ದನ್ನೇ ಓದುತ್ತಾನೆ, ಒಂದು ಹೆಜ್ಜೆ ಮುಂದಿಡುತ್ತಾನೆ, ಕೈಗಡಿಯಾರ ನೋಡಿಕೊಂಡು ಹಿಂದೆ ಸರಿಯುತ್ತಾನೆ. ಗುಡಿಸುವವರು ತಲೆ ಎತ್ತದೆಯೇ ಕೂಗುತ್ತಾರೆ: "ಅಣ್ಣಾ, ಸೊಂಟ ಹಿಡ್ಕೊಂಡ್ಬಿಟ್ಟಿದೆ. ಈ ಬಕೆಟ್ ಸ್ವಲ್ಪ ಮೇಲಿಟ್ಟು ಪುಣ್ಯ ಕಟ್ಕೊಳ್ಳಿ. ಎಡಗಡೆ ಬಾಗಿಲ ಹತ್ರ."

ಸೊಂಟಕ್ಕೆ ಏನೂ ಆಗಿಲ್ಲ. ಬಕೆಟ್ಟಿನಲ್ಲಿ ಅರ್ಧ ನೀರೂ ಇಲ್ಲ. ಆದರೂ ಆತ ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾನೆ. ಎಡಗಡೆಯ ಬಾಗಿಲು ತೆರೆದೇ ಇದೆ. ಒಳಗಿನಿಂದ ಒಂದು ದನಿ "ಬನ್ನಿ, ಕೂತ್ಕೊಳ್ಳಿ" ಎನ್ನುತ್ತದೆ. ಆತ ಕೆಳಗಿಳಿದು ಬರುವುದಿಲ್ಲ.

ಆ ಕೋಣೆಯಲ್ಲಿ ದಿನಾ ಬೆಳಿಗ್ಗೆ ಕುಡಿತ ಬಿಡಬೇಕೆನ್ನುವವರು ಸೇರುತ್ತಾರೆ. ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಒಂದು ಗಂಟೆ ಮಾತಾಡಿ, ಅವರವರ ಕೆಲಸಕ್ಕೆ ಹೊರಡುತ್ತಾರೆ. ಬಾಗಿಲಿಗೆ ಬೋರ್ಡಿಲ್ಲ. ಒಮ್ಮೆ ಹಾಕಿದ್ದರಂತೆ, ಹೊಸಬರು ಬರುವುದೇ ನಿಂತುಹೋಯಿತಂತೆ. ಈಗ ಆಸ್ಪತ್ರೆಯ ನರ್ಸೋ ಪರಿಚಯದವರೋ "ಹಲ್ಲಿನ ಡಾಕ್ಟರ ಮಹಡಿ" ಎಂದು ಕಿವಿಯಲ್ಲಿ ಹೇಳಿ ಕಳಿಸುತ್ತಾರೆ. ಹುಡುಕಿಕೊಂಡು ಬಂದವರು ಮೆಟ್ಟಿಲ ಬುಡದಲ್ಲಿ ಮೀನಮೇಷ ಎಣಿಸುತ್ತಾರೆ.

ಕಟ್ಟಡ ಗುಡಿಸುವ ಈ ಹೆಂಗಸಿಗೆ ಗುಂಪಿನವರು ಇಟ್ಟ ಹೆಸರು ಬಕೆಟ್ ಅಕ್ಕ. ಇದು ಅವರ ಕೆಲಸವಲ್ಲ, ಇದಕ್ಕೆಂದು ಯಾರೂ ಕಾಸು ಕೊಡುವುದಿಲ್ಲ. "ಡಾಕ್ಟರು ಬರೋದು ಹತ್ತು ಗಂಟೆಗೆ. ಕೋಳಿ ಕೂಗೋ ಹೊತ್ತಿಗೆ ಬಂದು ಬೋರ್ಡ್ ಓದೋರಿಗೆ ಹಲ್ಲು ನೋವಿರುತ್ತಾ?" ಎನ್ನುತ್ತಾರೆ. "ಮೊದಮೊದಲು ನಾನೇ ಹೋಗಿ, ಮೀಟಿಂಗಿಗಾ ಅಂತ ಕೇಳ್ತಿದ್ದೆ. ಕಾಲಿಗೆ ಬುದ್ಧಿ ಹೇಳೋರು! ಮುಖ ನೋಡಿದ್ರೆ ಮಾನ ಹೋದ ಹಾಗೆ ಆಗುತ್ತೆ ಅವರಿಗೆ. ಅದಕ್ಕೆ ನಾನು ಚಪ್ಪಲಿ ಮಾತ್ರ ನೋಡೋದು. ಕೈಯಲ್ಲಿ ಒಂದು ಕೆಲಸ ಇದ್ರೆ ಮನುಷ್ಯ ತಾನಾಗೇ ಹತ್ತುತ್ತಾನೆ."

ಈ ಲೆಕ್ಕ ಒಮ್ಮೆ ಕೈಕೊಟ್ಟಿದ್ದೂ ಉಂಟು. ಇಡೀ ರಾತ್ರಿ ದವಡೆ ನೋವಿನಿಂದ ನರಳಿ, ಬೆಳಗಾಗುವುದನ್ನೇ ಕಾದು ಬಂದ ಗುಮಾಸ್ತರೊಬ್ಬರಿಗೆ ಅಕ್ಕ ಬಕೆಟ್ ಹೊರಿಸಿದರು. ಪಾಪ, ಬಾಯಿ ತೆರೆಯಲಾರದ ಆ ಮನುಷ್ಯ ಕರವಸ್ತ್ರ ಒತ್ತಿಕೊಂಡು ಮೀಟಿಂಗಿನುದ್ದಕ್ಕೂ ಕೂತರು. ಅಳುತ್ತಿದ್ದಾರೆಂದು ಪಕ್ಕದವರು ಬೆನ್ನು ಸವರಿದರು. ಕೊನೆಗೆ ಅವರು ಹೇಗೋ, "ನಾನು ಕುಡಿಯೋದೇ ಇಲ್ಲ ಸ್ವಾಮಿ" ಎಂದಾಗ ಎಲ್ಲರೂ ಪ್ರೀತಿಯಿಂದ ತಲೆಯಾಡಿಸಿದರಂತೆ: "ಮೊದಲ ದಿನ ನಾವೂ ಹಾಗೇ ಅಂದಿದ್ವಿ."

ಈ ಕತೆ ಹೇಳುವಾಗ ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ತಮ್ಮನ ಮಾತು ಬಂದಾಗ ನಗು ನಿಲ್ಲುತ್ತದೆ. ತಮ್ಮ ಒಳ್ಳೆಯ ಬಡಗಿ. ಈ ಮೆಟ್ಟಿಲಿನ ಮರದ ಕಟಾಂಜನ ಅವನೇ ಮಾಡಿದ್ದು. ಈಗ ಬೆಳಿಗ್ಗೆ ಒಂದಿಷ್ಟು ಒಳಗೆ ಹೋಗದಿದ್ದರೆ ಉಳಿ ಹಿಡಿಯಲು ಕೈ ನಿಲ್ಲುವುದಿಲ್ಲ. ಇನ್ನೊಂದು ಸಲ ಕುಡಿದು ಬಂದರೆ ಮಗಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ ಎಂದು ಅವನ ಹೆಂಡತಿ ಬಟ್ಟೆ ಕಟ್ಟಿಟ್ಟಿದ್ದಾಳೆ. "ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಹಾಗಾಯ್ತು ನನ್ನ ಬಾಳು. ಯಾರ್ಯಾರನ್ನೋ ಹತ್ತಿಸ್ದೆ. ಒಡಹುಟ್ಟಿದವನಿಗೆ ಹೇಳಿ ಹೇಳಿ ಬಾಯಿ ಒಣಗಿಹೋಯ್ತು."

ಹೋದ ವಾರ ಅವನು ತಾನಾಗಿಯೇ ಬಂದ. ಯಾರಿಗೂ ಹೇಳದೆ, ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದು ಮೆಟ್ಟಿಲ ಬುಡದಲ್ಲಿ ನಿಂತ. ಅಕ್ಕ ಎಂದಿನಂತೆ ತಲೆ ತಗ್ಗಿಸಿಕೊಂಡೇ ಬಕೆಟ್ ಚಾಚಿದರು: "ಅಣ್ಣಾ, ಸೊಂಟ ಹಿಡ್ಕೊಂಡ್ಬಿಟ್ಟಿದೆ..." ಬಕೆಟ್ ಅವರ ಕೈಯಲ್ಲೇ ಉಳಿಯಿತು. ತಲೆ ಎತ್ತಿದರೆ ತಮ್ಮ.

"ನನ್ನನ್ನೂ ಹೀಗೇ ಸಾಗಹಾಕ್ತೀಯಾ ಅಂದ. ಒಂದೇ ಮಾತು. ತಿರುಗಿ ನೋಡ್ದೆ ಹೊರಟೇಹೋದ. ಹೊಸ ಚಪ್ಪಲಿ ಕಂಡಾಗಲಾದ್ರೂ ಒಂದ್ಸಲ ಮುಖ ನೋಡಬಾರದಿತ್ತಾ ನಾನು? ಅವತ್ತೆಲ್ಲ ಅನ್ನ ಸೇರಲಿಲ್ಲ." ಪೊರಕೆಯಿಂದ ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಾರೆ.

ಅಲ್ಲಿಂದೀಚೆಗೆ ತಮ್ಮ ಈ ಬೀದಿಗೆ ಕಾಲಿಟ್ಟಿಲ್ಲ. ಮನೆಯಲ್ಲಿ ಒಮ್ಮೆ ಹೆಂಡತಿಯ ಮುಂದೆ ಮಾತ್ರ, "ಅಲ್ಲಿ ಅಕ್ಕ ಇರ್ತಾಳೆ" ಎಂದನಂತೆ. ಅವಳಿಂದ ಅಷ್ಟು ಕೇಳಿದ್ದೇ ತಡ, ಅಕ್ಕ ಕಟ್ಟಡದ ಮಾಲೀಕರ ಬಳಿ ರಜೆ ಕೇಳಿದರು. ಈ ಕೆಲಸಕ್ಕೆ ಸೇರಿದ ಮೇಲೆ ಜ್ವರ ಬಂದಾಗಲೂ ಅವರು ರಜೆ ಹಾಕಿದವರಲ್ಲ. ನಾಳೆಯಿಂದ ಮೆಟ್ಟಿಲು ಗುಡಿಸುವುದು ಒಬ್ಬ ಬಸ್ ಡ್ರೈವರ್. ಹಿಂದೆ ಇದೇ ಬಕೆಟ್ ಹೊತ್ತು ಹತ್ತಿದವನು. ಪೊರಕೆ ಹಿಡಿಯಲು ಬರದ ಅವನಿಗೆ ಇವತ್ತು ಅಕ್ಕ ಪಾಠ ಮಾಡುತ್ತಿದ್ದಾರೆ: "ಮೇಲಿಂದ ಕೆಳಕ್ಕೆ ಗುಡಿಸಪ್ಪಾ, ಬಸ್ಸಿನ ಥರ ರಿವರ್ಸ್ ಹೊಡೀಬೇಡ."

ತಮ್ಮ ಬಂದರೆ ಗುಂಪಿನವರು ನಿಮಗೆ ಹೇಳಿ ಕಳಿಸುತ್ತಾರಾ ಎಂದು ಕೇಳುತ್ತೇನೆ. ಮಹಡಿಯ ಕೋಣೆಗೆ ಯಾರು ಬಂದರು, ಏನಂದರು ಎಂಬುದು ಆ ಬಾಗಿಲು ದಾಟಬಾರದು. ಗುಂಪಿನಲ್ಲಿ ಅದೊಂದು ಕಟ್ಟುನಿಟ್ಟು.

"ಅಯ್ಯೋ, ಹೇಳಲ್ಲ. ಹೇಳಲೂಬಾರದು. ನೆಂಟಸ್ತಿಕೆ ಅಂತ ನನಗೊಂದು ರೂಲು, ಊರಿಗೊಂದು ರೂಲಾ? ನಾನು ಕಾಲು ಹಿಡಿದ್ರೂ ಬಾಯಿ ಬಿಡಬೇಡ ಅಂತ ಡ್ರೈವರಿಗೆ ನಾನೇ ಹೇಳಿದೀನಿ." ಕೈ ಒರೆಸಿಕೊಂಡು ನಗುತ್ತಾರೆ. "ಆದ್ರೆ ಎತ್ತಿ ಆಡಿಸಿದವಳು ನಾನು. ಅವನು ಎದುರಿಗೆ ಕೂತು ಒಂದು ತುತ್ತು ಉಂಡರೆ ಸಾಕು, ಕೈ ನಿಂತಿದೆಯಾ ಇಲ್ವಾ ಅಂತ ನನಗೆ ಗೊತ್ತಾಗಲ್ವಾ?"